ಗರ್ಭಕೋಶ ಜಾರಿದೆಯೇ? ಮುಚ್ಚಿಡಬೇಡಿ

ಹೆರಿಗೆ ಆದ ಮೇಲೆ ಕೆಲವರಿಗೆ ಗರ್ಭಕೋಶ ಕೆಳಗೆ ಜಾರುತ್ತದೆ. ಅದಕ್ಕೆ ಆಸರೆಯಾದ ಮಾಂಸಖಂಡ ಸಡಿಲ ಆಗಿರುತ್ತದೆ. ಕೆಮ್ಮಿದಾಗ, ಕೊಡ ಎತ್ತಿದಾಗ ಏನೋ ಇಳಿದ ಹಾಗೆ ಆಗುತ್ತದೆ. ಇದು ಶಾಪ ಅಲ್ಲ. ನಿಮ್ಮ ತಪ್ಪೂ ಅಲ್ಲ.

ಮತ್ತೆ ಬಸುರಿ ಆದರೆ ಏನು ಮಾಡಬೇಕು?

“ಹೇಗಪ್ಪಾ ಹೇಳಲಿ” ಅಂತ ಸುಮ್ಮನಿರಬೇಡಿ. ಮುಟ್ಟು ನಿಂತ ಕೂಡಲೇ ನರ್ಸಮ್ಮನಿಗೆ ಹೇಳಿ. ಡಾಕ್ಟರಿಗೆ ತೋರಿಸಿ. ಬೇಕಾದರೆ ಅವರು ಆಸರೆಗೆ ಒಂದು ರಿಂಗ್ ಹಾಕುತ್ತಾರೆ. ನೀವೇ ಬಟ್ಟೆ ತುರುಕಬೇಡಿ.

ಹೊಟ್ಟೆ ಬೆಳೆದ ಹಾಗೆ ಹಲವರಿಗೆ ಗರ್ಭಕೋಶ ಮೇಲೆ ಹೋಗುತ್ತದೆ. ಆಗಲೂ ತಪಾಸಣೆ ಬಿಡಬೇಡಿ.

ಭಾರ ಎತ್ತಬೇಡಿ. ಸೊಪ್ಪು, ಹಣ್ಣು ತಿನ್ನಿ. ನೀರು ಕುಡಿಯಿರಿ. ಮಲ ಗಟ್ಟಿಯಾಗಿ ತಿಣುಕುವ ಹಾಗೆ ಆಗಬಾರದು.

ಮೂತ್ರ ತಡೆಯುವ ಹಾಗೆ ಕೆಳಗಿನ ಮಾಂಸಖಂಡ ಬಿಗಿ ಹಿಡಿಯಿರಿ. 5 ಎಣಿಸಿ, ಬಿಡಿ. ಹೀಗೆ 10 ಸಲ. ದಿನಕ್ಕೆ 3 ಹೊತ್ತು ಮಾಡಿ.

ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ. ಗರ್ಭದ ಬಾಯಿ ಪೂರ್ತಿ ತೆರೆಯುವ ಮುಂಚೆ ತಿಣುಕಬೇಡಿ. ತಿಣುಕಿದರೆ ಅದು ಊದಬಹುದು, ಹರಿಯಬಹುದು. ನರ್ಸಮ್ಮ ಹೇಳಿದಾಗ ಮಾತ್ರ ತಿಣುಕಿ.

ನೀರು ಒಡೆದರೆ, ರಕ್ತ ಹೋದರೆ, ಮೂತ್ರ ಕಟ್ಟಿದರೆ ತಡ ಮಾಡಬೇಡಿ. 108ಕ್ಕೆ ಫೋನ್ ಮಾಡಿ.

ಈ ಪಾಠ ನೀವು ಓದಿ. ಓದಲು ಬಾರದ ಅಕ್ಕತಂಗಿಯರಿಗೂ ಓದಿ ಹೇಳಿ.