ಮ್ಯಾರಥಾನ್ ತಯಾರಿ: ದಣಿವಿನ ಜಮಾ-ಖರ್ಚು

ಈ ಪತ್ರಿಕೆಯಲ್ಲಿ ಸಾಮಾನ್ಯವಾಗಿ ತೆರಿಗೆ ಹಾಗೂ ಲೆಕ್ಕಪತ್ರಗಳ ಕುರಿತು ಬರೆಯುವ ನಾನು ಈ ಬಾರಿ ಓಟದ ಕುರಿತು ಬರೆಯುತ್ತಿರುವುದಕ್ಕೆ ಕಾರಣವಿದೆ. ವರ್ತಕ ಬಾಂಧವರಲ್ಲಿ ಬೆಳಗಿನ ಓಟದ ಅಭ್ಯಾಸವುಳ್ಳವರು ಈಗ ಹೆಚ್ಚುತ್ತಿದ್ದಾರೆ. ಬೆಂಗಳೂರಿನಲ್ಲಿ 2008ರಲ್ಲಿ ಆರಂಭವಾದ ಹತ್ತು ಕಿಲೋಮೀಟರ್ ಓಟದಲ್ಲಿ ಒಮ್ಮೆ ಪಾಲ್ಗೊಂಡವರು ಮರುವರ್ಷ ಅರ್ಧ ಮ್ಯಾರಥಾನ್, ಅದರ ಮರುವರ್ಷ ಮುಂಬಯಿಯ ಪೂರ್ಣ ಮ್ಯಾರಥಾನ್ ಎಂದು ಮುಂದುವರಿಯುತ್ತಾರೆ. ಅಂಥವರು ನಮ್ಮ ಕಚೇರಿಗೆ ಬಂದಾಗ ತೆರಿಗೆಯ ಮಾತು ಮುಗಿದ ಮೇಲೆ ಕೇಳುವ ಪ್ರಶ್ನೆ ಒಂದೇ: ಅಂಗಡಿ, ಮನೆ, ಓಟ ಈ ಮೂರನ್ನೂ ತೂಗಿಸುವುದು ಹೇಗೆ? ಈ ಲೇಖನ ಆ ಪ್ರಶ್ನೆಗೆ ಉತ್ತರಿಸುವ ಪ್ರಯತ್ನ. ಓಟದ ತಂತ್ರಗಳನ್ನು ತಿಳಿಸುವ ಪುಸ್ತಕಗಳು ಬೇಕಾದಷ್ಟಿವೆ. ಅವುಗಳಲ್ಲಿ ಕಾಣದ ವಿಷಯವೆಂದರೆ ರಾತ್ರಿ ಒಂಬತ್ತಕ್ಕೆ ಶಟರ್ ಎಳೆಯುವವನ ದಿನಚರಿ.

ದೂರದ ಲೆಕ್ಕ

ಪೂರ್ಣ ಮ್ಯಾರಥಾನಿನ ದೂರ 42.195 ಕಿಲೋಮೀಟರ್. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಓಡಿದ ಈ ದೂರವೇ 1921ರಲ್ಲಿ ಅಧಿಕೃತವಾಗಿ ನಿಗದಿಯಾಯಿತು. ಇದರಲ್ಲಿ ಮೊದಲ 30 ಕಿಲೋಮೀಟರ್ ಒಂದು ಬಗೆಯಾದರೆ ಉಳಿದ 12 ಕಿಲೋಮೀಟರ್ ಬೇರೆಯೇ ಬಗೆ. ಕಾರಣ ಸರಳವಾಗಿದೆ. ನಮ್ಮ ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಶಕ್ತಿ ಸುಮಾರು 2,000 ಕ್ಯಾಲೊರಿ. ಓಡುವವನು ಕಿಲೋಮೀಟರಿಗೆ ತನ್ನ ತೂಕದ ಪ್ರತಿ ಕಿಲೋಗ್ರಾಮಿಗೆ ಸುಮಾರು ಒಂದು ಕ್ಯಾಲೊರಿ ವ್ಯಯಿಸುತ್ತಾನೆ. 65 ಕಿಲೋ ತೂಕದವನಿಗೆ ಇಡೀ ದೂರಕ್ಕೆ 2,700ಕ್ಕೂ ಹೆಚ್ಚು ಬೇಕು. ಕೊರತೆಯನ್ನು ದೇಹದ ಕೊಬ್ಬು ತುಂಬಬೇಕು. ಗ್ಲೈಕೋಜನ್ ಗಲ್ಲಾಪೆಟ್ಟಿಗೆಯಲ್ಲಿರುವ ನಗದಿದ್ದಂತೆ. ಕೊಬ್ಬು ಗೋದಾಮಿನಲ್ಲಿರುವ ಸರಕಿದ್ದಂತೆ. ಸರಕು ಹೇರಳವಾಗಿದ್ದರೂ ಅದನ್ನು ನಗದು ಮಾಡಿಕೊಳ್ಳಲು ಕಾಲ ಹಿಡಿಯುತ್ತದೆ. ವಾರಕ್ಕೊಮ್ಮೆ ಮಾಡುವ ದೀರ್ಘ ಓಟದ ಉದ್ದೇಶಗಳಲ್ಲಿ ಮುಖ್ಯವಾದುದು, ಗೋದಾಮಿನ ಸರಕನ್ನು ಮೊದಲಿನಿಂದಲೇ ಸ್ವಲ್ಪ ಸ್ವಲ್ಪವಾಗಿ ಬಳಸಲು ದೇಹವನ್ನು ಒಗ್ಗಿಸುವುದು. ಈ ಕಾರಣಕ್ಕೇ ಅದನ್ನು ನಿಧಾನವಾಗಿ, ಪಕ್ಕದವನೊಡನೆ ಮಾತನಾಡಲು ಸಾಧ್ಯವಾಗುವ ವೇಗದಲ್ಲಿ ಓಡಬೇಕು.

ಮಧ್ಯಮ ವಯಸ್ಸಿನ ಹವ್ಯಾಸಿಗೆ 18 ವಾರಗಳ ತಯಾರಿ ಸಾಕು. ಆದರೆ ಅದಕ್ಕೆ ಮೊದಲೇ ಒಂದು ವರ್ಷ ನಿಯಮಿತವಾಗಿ ಓಡಿ, ಹತ್ತು ಕಿಲೋಮೀಟರನ್ನು ತೇಕದೆ ಮುಗಿಸುವ ಸ್ಥಿತಿಯಲ್ಲಿರಬೇಕು. ವಾರಕ್ಕೆ ನಾಲ್ಕು ದಿನದ ಓಟ, ಮೊದಲ ವಾರ 30 ಕಿಲೋಮೀಟರ್, ಏರುತ್ತಾ ಏರುತ್ತಾ ಗರಿಷ್ಠ 55. ಕೊನೆಯ ಮೂರು ವಾರ ಇಳಿತ.

ಯಾರ ಸಮಯ?

ಕಿಲೋಮೀಟರಿಗೆ ಏಳು ನಿಮಿಷದಂತೆ 55 ಕಿಲೋಮೀಟರಿಗೆ 6 ಗಂಟೆ 25 ನಿಮಿಷ. ಇಷ್ಟೇ ತಾನೇ ಎನ್ನಿಸಬಹುದು. ಆದರೆ ತಯಾರಾಗುವುದು, ಮೈದಾನಕ್ಕೆ ಹೋಗಿ ಬರುವುದು, ಎರಡನೆಯ ಸ್ನಾನ, ದೀರ್ಘ ಓಟದ ದಿನ ಮಧ್ಯಾಹ್ನದ ನಿದ್ದೆ ಎಲ್ಲವನ್ನೂ ಸೇರಿಸಿದರೆ ನಿಜವಾದ ವೆಚ್ಚ ವಾರಕ್ಕೆ ಹತ್ತು ಗಂಟೆಗೆ ಕಡಿಮೆಯಿಲ್ಲ.

ಈಗ ಆದಾಯದ ಕಡೆ ನೋಡೋಣ. ವಾರಕ್ಕೆ 168 ಗಂಟೆ. ನಿದ್ದೆಗೆ ದಿನಕ್ಕೆ ಏಳರಂತೆ 49. ಅಂಗಡಿಗೆ ಹನ್ನೊಂದು ಗಂಟೆಯಂತೆ ಆರು ದಿನಕ್ಕೆ 66. ಸ್ನಾನ, ಊಟ, ಓಡಾಟಕ್ಕೆ ದಿನಕ್ಕೆ ಮೂರರಂತೆ 21. ಉಳಿಯುವುದು 32 ಗಂಟೆ. ಮಡದಿ, ಮಕ್ಕಳು, ವೃದ್ಧ ತಂದೆತಾಯಿ, ನೆಂಟರ ಮದುವೆ, ಬ್ಯಾಂಕಿನ ಕೆಲಸ ಎಲ್ಲವೂ ನಡೆಯುವುದು ಈ 32ರಲ್ಲಿಯೇ. ಹತ್ತು ಗಂಟೆಯ ಓಟವೆಂದರೆ ಅದರಲ್ಲಿ ಸರಿಸುಮಾರು ಮೂರನೆಯ ಒಂದು ಪಾಲು. ಇದು ನಮ್ಮ ಸ್ವಂತ ಬಂಡವಾಳವಲ್ಲ, ಕುಟುಂಬದಿಂದ ಪಡೆದ ಸಾಲ. ಅದನ್ನು ಕೇಳದೆಯೇ ಎತ್ತಿಕೊಳ್ಳುವ ತಪ್ಪನ್ನು ನಾನೇ ಮಾಡಿದ್ದೇನೆ.

ಕೆಲವು ವರ್ಷಗಳ ಹಿಂದೆ ಜನವರಿಯ ಮುಂಬಯಿ ಓಟಕ್ಕೆ ಹೆಸರು ನೋಂದಾಯಿಸಿ, ಪುಸ್ತಕವೊಂದರಲ್ಲಿದ್ದ ವಾರಕ್ಕೆ ಐದು ದಿನದ ಕಾರ್ಯಕ್ರಮವನ್ನು ಗೋಡೆಗೆ ಅಂಟಿಸಿದೆ. ಬೆಳಗಿನ ನಾಲ್ಕೂಕಾಲಕ್ಕೆ ಏಳುವುದು, ರಾತ್ರಿ ಹನ್ನೊಂದರ ನಂತರ ಮಲಗುವುದು. ಸೆಪ್ಟೆಂಬರ್ ತಿಂಗಳು, ಲೆಕ್ಕಪರಿಶೋಧನೆಯ ಸುಗ್ಗಿ. ಮನೆಯಲ್ಲಿ ತಾಯಿಯವರು ಹಾಸಿಗೆ ಹಿಡಿದಿದ್ದರು. ರಾತ್ರಿ ಎರಡು ಬಾರಿ ಎದ್ದು ಅವರನ್ನು ನೋಡಿಕೊಳ್ಳುವ ಕೆಲಸವನ್ನು ನಾನೂ ನನ್ನ ಪತ್ನಿಯೂ ಸರದಿಯಂತೆ ಮಾಡುತ್ತಿದ್ದೆವು. "ನಾಳೆ ಉದ್ದ ಓಟವಿದೆ" ಎಂಬ ಒಂದು ಮಾತಿನಿಂದ ನನ್ನ ಸರದಿ ಮೊದಲು ಶನಿವಾರ ತಪ್ಪಿತು, ಆಮೇಲೆ ಬುಧವಾರವೂ ತಪ್ಪಿತು. ನಾನು ಅದನ್ನು ಗಮನಿಸಲೂ ಇಲ್ಲ. ಅಕ್ಟೋಬರ್‌ನಲ್ಲೊಂದು ದಿನ ಕಕ್ಷಿದಾರರೊಬ್ಬರ ಅಖೈರು ಸರಕಿನ ಮೊತ್ತ 18,40,000 ರೂಪಾಯಿಯನ್ನು 14,80,000 ಎಂದು ಬರೆದಿದ್ದೆ. ಸಹಾಯಕ ಹುಡುಗ ನೋಡಿ ಸಂಕೋಚದಿಂದಲೇ ತೋರಿಸಿದ. ಮೂವತ್ತು ವರ್ಷದ ವೃತ್ತಿಯಲ್ಲಿ ನಾನು ಹೀಗೆ ಅಂಕಿ ಅದಲುಬದಲು ಮಾಡಿದ್ದು ಅಪರೂಪ. ಆ ರಾತ್ರಿ ಇದನ್ನು ಮನೆಯಲ್ಲಿ ಹೇಳಿದಾಗ ಪತ್ನಿ ಶಾಂತವಾಗಿಯೇ ಹೇಳಿದಳು: "ಓಡುವವರು ನೀವು, ಖರ್ಚು ಬೀಳುತ್ತಿರುವುದು ನನ್ನ ಹೆಸರಿಗೆ. ಎರಡು ತಿಂಗಳಿಂದ ನಾನು ಒಂದು ರಾತ್ರಿಯೂ ಪೂರ್ತಿ ಮಲಗಿಲ್ಲ."

ಆದರೂ ನಾನು ನಿಲ್ಲಿಸಲಿಲ್ಲ. ಡಿಸೆಂಬರ್ ಮೊದಲ ವಾರ ಬಲಗಾಲಿನ ಮೊಣಕಾಲ ಕೆಳಗಿನ ಎಳೆಮೂಳೆಯಂತಹ ಜಾಗದಲ್ಲಿ ಒತ್ತಿದರೆ ನೋವು, ನಡೆದರೂ ನೋವು. ಮೂಳೆಯಲ್ಲಿ ಸೂಕ್ಷ್ಮ ಬಿರುಕು ಎಂದು ವೈದ್ಯರು ಹೇಳಿದರು. ಆ ವರ್ಷದ ಓಟ ಅಲ್ಲಿಗೆ ಮುಗಿಯಿತು.

ದೇಹಕ್ಕೆ ಒಂದೇ ಖಾತೆ

ನಾವು ಅಂಗಡಿಯ ದಣಿವು, ಮನೆಯ ದಣಿವು, ಓಟದ ದಣಿವು ಎಂದು ಬೇರೆ ಬೇರೆ ಖಾತೆ ತೆರೆಯುತ್ತೇವೆ. ದೇಹ ಎಲ್ಲವನ್ನೂ ಒಂದೇ ಖಾತೆಗೆ ಬರೆದುಕೊಳ್ಳುತ್ತದೆ. ಓಟದಿಂದ ಸ್ನಾಯುಗಳು ಬಲಗೊಳ್ಳುವುದು ಓಡುವಾಗಲ್ಲ, ಅನಂತರದ ವಿಶ್ರಾಂತಿಯಲ್ಲಿ, ಮುಖ್ಯವಾಗಿ ನಿದ್ದೆಯಲ್ಲಿ. ಐದು ಗಂಟೆ ಮಲಗಿ ನಾಲ್ಕು ದಿನ ಓಡುವವನು ಬಡ್ಡಿ ಕಟ್ಟದೆ ಸಾಲ ಏರಿಸುತ್ತಿರುವವನು.

ದಣಿವನ್ನು ಅಳೆಯಲು ದುಬಾರಿ ಕೈಗಡಿಯಾರ ಬೇಕಿಲ್ಲ. ಬೆಳಿಗ್ಗೆ ಎಚ್ಚರವಾದೊಡನೆ, ಹಾಸಿಗೆಯಿಂದ ಏಳುವ ಮೊದಲು ನಾಡಿಯನ್ನು ಒಂದು ನಿಮಿಷ ಎಣಿಸಿ ಡೈರಿಯಲ್ಲಿ ಬರೆಯಿರಿ. ಎರಡು ವಾರದಲ್ಲಿ ನಿಮ್ಮ ಸರಾಸರಿ ತಿಳಿಯುತ್ತದೆ. ಅದಕ್ಕಿಂತ ಏಳೆಂಟು ಬಡಿತ ಹೆಚ್ಚಾಗಿ ಎರಡು ದಿನ ಮುಂದುವರಿದರೆ ಆ ದಿನ ಓಡಬೇಡಿ. ಪಕ್ಕದ ಅಂಕಣದಲ್ಲಿ ನಿದ್ದೆಯ ಗಂಟೆ ಬರೆಯಿರಿ. ಮೂರನೆಯ ಅಂಕಣವನ್ನು ಮನೆಯವರು ತುಂಬಲಿ: ನಿನ್ನೆ ಸಿಡುಕಿದ್ದು ಎಷ್ಟು ಬಾರಿ? ಇದು ಹಾಸ್ಯವಲ್ಲ. ಕಾರಣವಿಲ್ಲದ ಸಿಟ್ಟು, ದಣಿದಿದ್ದರೂ ಬಾರದ ನಿದ್ದೆ, ಹಸಿವು ಸತ್ತಿರುವುದು ಇವು ಅತಿದಣಿವಿನ ಲಕ್ಷಣಗಳು. ಮೊದಲನೆಯದು ನಮಗಿಂತ ಮುಂಚೆ ಮನೆಯವರಿಗೆ ಕಾಣುತ್ತದೆ.

ವಿಶ್ರಾಂತಿಯಿಂದಲೂ ಇಳಿಯದ ದಣಿವಿದ್ದರೆ ರಕ್ತಪರೀಕ್ಷೆ ಅಗತ್ಯ. ಹಿಮೋಗ್ಲೋಬಿನ್ ಜೊತೆಗೆ ಬಿ-12 ಜೀವಸತ್ವವನ್ನೂ ನೋಡಿಸಬೇಕು. ಸಸ್ಯಾಹಾರಿಗಳಲ್ಲಿ ಅದರ ಕೊರತೆ ಸಾಮಾನ್ಯ. ನಲವತ್ತು ದಾಟಿದವರು, ರಕ್ತದೊತ್ತಡ, ಸಕ್ಕರೆ ಕಾಯಿಲೆ ಅಥವಾ ಮನೆತನದಲ್ಲಿ ಹೃದ್ರೋಗವಿರುವವರು ವೈದ್ಯರನ್ನು ಕಾಣದೆ ತಯಾರಿ ಆರಂಭಿಸಕೂಡದು. ಸಕ್ಕರೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರಿಗೆ ದೀರ್ಘ ಓಟದಲ್ಲಿ ಸಕ್ಕರೆ ತೀರಾ ಇಳಿಯುವ ಅಪಾಯವಿದೆ. ಎದೆನೋವು, ತಲೆಸುತ್ತು ಬಂದರೆ ಅಲ್ಲಿಯೇ ನಿಲ್ಲಬೇಕು.

ವರ್ತಕನ ಪಂಚಾಂಗ

ಮುಂಬಯಿ ಓಟ ಸಾಮಾನ್ಯವಾಗಿ ಜನವರಿಯ ಮೂರನೆಯ ಭಾನುವಾರ. 18 ವಾರ ಹಿಂದಕ್ಕೆ ಎಣಿಸಿದರೆ ಸೆಪ್ಟೆಂಬರ್ ಮಧ್ಯಭಾಗ. ಅಂದರೆ ಲೆಕ್ಕಪರಿಶೋಧನೆ, ಆಯುಧಪೂಜೆ, ದೀಪಾವಳಿಯ ವ್ಯಾಪಾರ, ಮದುವೆಯ ಹಂಗಾಮು ಎಲ್ಲವೂ ತಯಾರಿಯ ಒಡಲಲ್ಲಿಯೇ ಬರುತ್ತವೆ. ಪುಸ್ತಕಗಳು ನಾಲ್ಕು ವಾರಕ್ಕೊಮ್ಮೆ ದೂರವನ್ನು ಕಾಲು ಭಾಗದಿಂದ ಮೂರನೆಯ ಒಂದು ಭಾಗದಷ್ಟು ಇಳಿಸಲು ಹೇಳುತ್ತವೆ. ಆ ಇಳಿತದ ವಾರಗಳನ್ನು ಯಾಂತ್ರಿಕವಾಗಿ ಎಣಿಸದೆ ಹಬ್ಬದ ಮತ್ತು ಗಡುವಿನ ವಾರಗಳಿಗೆ ಹೊಂದಿಸಿ. ಜವಳಿ ವ್ಯಾಪಾರಿ ದೀಪಾವಳಿಯ ವಾರದಲ್ಲಿ ದಿನಕ್ಕೆ ಹದಿನಾಲ್ಕು ಗಂಟೆ ನಿಲ್ಲುತ್ತಾನೆ. ಆ ವಾರ ಎರಡು ಚಿಕ್ಕ ಓಟ ಸಾಕು. ತಪ್ಪಿದ ಓಟವನ್ನು ಮುಂದಿನ ವಾರಕ್ಕೆ ಬಾಕಿಯಾಗಿ ಎಳೆಯಬೇಡಿ. ಗಾಯಗಳು ಹೆಚ್ಚಾಗಿ ಆಗುವುದು ಹೀಗೆ ಬಾಕಿ ತೀರಿಸಲು ಹೋದಾಗ.

ಬೆಳಗಿನ ನಾಲ್ಕರ ವ್ಯಾಮೋಹವನ್ನೂ ಬಿಡಬೇಕು. ಹತ್ತಕ್ಕೆ ಅಂಗಡಿ ತೆರೆಯುವವನು ವಾರದ ದಿನಗಳಲ್ಲಿ ಆರೂವರೆಗೆ ಓಡಿದರೆ ನಷ್ಟವೇನು? ಎಂಟಕ್ಕೆ ಕಾರ್ಖಾನೆಯ ಪಾಳಿ ಆರಂಭಿಸುವ ಉದ್ಯಮಿಗೆ ಸಂಜೆಯೇ ಲೇಸು. ದೀರ್ಘ ಓಟ ಭಾನುವಾರವೇ ಆಗಬೇಕೆಂಬ ನಿಯಮವೂ ಇಲ್ಲ. ನಿಮ್ಮ ಪೇಟೆಗೆ ವಾರದ ರಜೆ ಬೇರೊಂದು ದಿನವಿದ್ದರೆ ಅಂದೇ ಓಡಿ. ಮಕ್ಕಳು ಶಾಲೆಗೆ ಹೋಗಿರುತ್ತಾರೆ, ಅವರು ಮನೆಯಲ್ಲಿರುವ ಭಾನುವಾರದ ಬೆಳಗು ಅವರಿಗೆ ಉಳಿಯುತ್ತದೆ.

ದಿನಕ್ಕೆರಡು ಬಾರಿ ಓಡದಿದ್ದರೆ ಏನು ಸಾಧ್ಯ ಎಂದು ಕೇಳುವ ಉತ್ಸಾಹಿಗಳಿಗೆ ಜಪಾನಿನ ಯೂಕಿ ಕವೌಚಿಯ ಉದಾಹರಣೆ ಕೊಡುತ್ತೇನೆ. ಸೈತಾಮಾ ಪ್ರಾಂತ್ಯದ ಸರ್ಕಾರಿ ಕಚೇರಿಯಲ್ಲಿ ಪೂರ್ಣಕಾಲಿಕ ನೌಕರನಾಗಿದ್ದ ಈತ ಸಾಮಾನ್ಯವಾಗಿ ದಿನಕ್ಕೆ ಒಮ್ಮೆ ಮಾತ್ರ ಓಡುತ್ತಿದ್ದ. 2018ರಲ್ಲಿ ಕೊರೆಯುವ ಚಳಿಮಳೆಯ ನಡುವೆ ಬಾಸ್ಟನ್ ಮ್ಯಾರಥಾನನ್ನು 2 ಗಂಟೆ 15 ನಿಮಿಷ 58 ಸೆಕೆಂಡಿನಲ್ಲಿ ಗೆದ್ದ. ಆತನ ಪ್ರತಿಭೆ ನಮಗಿಲ್ಲ, ನಿಜ. ಆದರೆ ನೌಕರಿಗೆ ಹೊಂದುವಷ್ಟನ್ನೇ ಅಭ್ಯಾಸ ಮಾಡಿದವನೂ ಗೆಲ್ಲಬಲ್ಲನೆಂಬುದು ದಾಖಲೆಯಾಗಿದೆ.

ಎರಡನೆಯ ಬಾರಿ

ಎರಡು ವರ್ಷದ ನಂತರ ಮತ್ತೆ ಹೆಸರು ಕೊಡುವ ಮೊದಲು ನಾನೂ ಪತ್ನಿಯೂ ಕ್ಯಾಲೆಂಡರ್ ಮುಂದಿಟ್ಟುಕೊಂಡು ಕುಳಿತೆವು. ಆಕೆ ನಾಲ್ಕು ಷರತ್ತು ಹಾಕಿದಳು. ತಾಯಿಯವರ ರಾತ್ರಿಯ ಸರದಿ ಯಾವ ಕಾರಣಕ್ಕೂ ಬದಲಾಗದು. ನನ್ನ ಸರದಿಯ ಮರುದಿನ ಓಟವಿಲ್ಲ. ಭಾನುವಾರ ಬೆಳಗಿನ ಅಡುಗೆಮನೆ ನನ್ನದು. ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಆ ವಾರದ ಕಾರ್ಯಕ್ರಮ ರದ್ದು. ಐದು ದಿನದ ಓಟ ನಾಲ್ಕಾಯಿತು, ಕೆಲವು ವಾರ ಮೂರಾಯಿತು. 32 ಕಿಲೋಮೀಟರಿನ ಓಟ ಒಂದೇ ಬಾರಿ ಸಾಧ್ಯವಾಯಿತು. ನವೆಂಬರಿನಲ್ಲಿ ಹತ್ತು ದಿನ ಏನೂ ಓಡಲಿಲ್ಲ. ತಾಯಿಯವರು ತೀರಿಕೊಂಡದ್ದು ಆಗ. ಅವರ ಕೊನೆಯ ಎರಡು ತಿಂಗಳ ನನ್ನ ಪಾಲಿನ ರಾತ್ರಿಗಳಲ್ಲಿ ಒಂದೂ ತಪ್ಪಿರಲಿಲ್ಲ.

ಜನವರಿಯಲ್ಲಿ 5 ಗಂಟೆ 12 ನಿಮಿಷದಲ್ಲಿ ಓಟ ಮುಗಿಸಿದೆ. ಮುಂಬಯಿಯ ಗಾಳಿಯಲ್ಲಿ ತೇವ ಹೆಚ್ಚು. ಉಪ್ಪು ಬೆರೆಸಿದ ನಿಂಬೆ ಪಾನಕ, ಬಾಳೆಹಣ್ಣು ನನಗೆ ಒಗ್ಗಿದವು. ಬಾಯಾರಿಕೆಗಿಂತ ಹೆಚ್ಚು ಬರಿಯ ನೀರು ಕುಡಿಯುವುದೂ ಅಪಾಯ, ರಕ್ತದಲ್ಲಿನ ಸೋಡಿಯಂ ಇಳಿಯುತ್ತದೆ. ಹೊಸ ಬೂಟನ್ನು ಆ ದಿನಕ್ಕೆಂದು ಎತ್ತಿಡುವ ಜಾಣತನವೂ ಬೇಡ.

ಕೊನೆಯದಾಗಿ ವೃತ್ತಿಸಂಬಂಧಿಯಾದ ಒಂದು ಸೂಚನೆ. ಜನವರಿಯ ಮೂರನೆಯ ಭಾನುವಾರ ಯಾವಾಗಲೂ 15ರಿಂದ 21ರೊಳಗೆ ಬರುತ್ತದೆ. ಜಿಎಸ್‌ಟಿ 3ಬಿ ವಿವರಪಟ್ಟಿಯ ಗಡುವು ಮಾಸಿಕ ಸಲ್ಲಿಕೆದಾರರಿಗೆ 20, ಕರ್ನಾಟಕದ ತ್ರೈಮಾಸಿಕ ಸಲ್ಲಿಕೆದಾರರಿಗೆ 22. ಓಟದ ಮರುದಿನ ಮೆಟ್ಟಿಲಿಳಿಯುವುದೇ ಕಷ್ಟವಾಗಿರುತ್ತದೆ, ಅಂಕಿಗಳ ಮೇಲೆ ಗಮನವಂತೂ ನಿಲ್ಲದು. ಡಿಸೆಂಬರಿನ ಖರೀದಿ ಬಿಲ್ಲುಗಳನ್ನು ಜನವರಿ ಮೊದಲ ವಾರದಲ್ಲಿಯೇ ನಿಮ್ಮ ಲೆಕ್ಕಪರಿಶೋಧಕರಿಗೆ ತಲುಪಿಸಿ, ವಿವರಪಟ್ಟಿ ಸಲ್ಲಿಸಿಯೇ ರೈಲು ಹತ್ತಿರಿ.