ಪಿಕಪ್ಪೂ ರೋಡ್‌ಸ್ಟರೂ ಕೂಡಿದಾಗ

ಮೋಟಾರು ಗಾಡಿಗಳಲ್ಲಿ ಪಿಕಪ್ಪು ದುಡಿಯುವ ಜಾತಿ, ರೋಡ್‌ಸ್ಟರು ಮೆರೆಯುವ ಜಾತಿ. ಮೊದಲನೆಯದು ಹಿಂಬದಿಯ ತೆರೆದ ತೊಟ್ಟಿಯಲ್ಲಿ ಗೊಬ್ಬರ, ಸಿಮೆಂಟು, ಹುಲ್ಲಿನ ಹೊರೆಗಳನ್ನು ಸಾಗಿಸುತ್ತದೆ. ಎರಡನೆಯದು ಇಬ್ಬರನ್ನು ಕೂರಿಸಿಕೊಂಡು, ತಲೆಯ ಮೇಲೆ ಚಾವಣಿಯಿಲ್ಲದೆ, ಗಾಳಿಬಿಸಿಲುಗಳ ಸುಖಕ್ಕಾಗಿಯೇ ಓಡುತ್ತದೆ. ಇವೆರಡನ್ನೂ ಒಂದೇ ಮೈಯಲ್ಲಿ ಕೂಡಿಸಿದರೆ ಏನಾದೀತು? ಅಮೆರಿಕದ ಷೆವ್ರೊಲೆ ಕಂಪೆನಿಯು 2000ದ ಜನವರಿಯಲ್ಲಿ ಡೆಟ್ರಾಯಿಟ್ ನಗರದ ಮೋಟಾರು ಪ್ರದರ್ಶನದಲ್ಲಿಟ್ಟ ‘ಎಸ್.ಎಸ್.ಆರ್.’ ಎಂಬ ಮಾದರಿ ಗಾಡಿಯು ಅಂಥದೊಂದು ಪ್ರಯೋಗ. ನಾನು ಅರ್ಥಶಾಸ್ತ್ರದ ವಿದ್ಯಾರ್ಥಿಯೇ ಹೊರತು ಯಂತ್ರಗಳ ಪಂಡಿತನಲ್ಲ. ಆದರೆ ಬಯಕೆ ಬೇರೆ, ಬೇಡಿಕೆ ಬೇರೆ ಎಂದು ತರಗತಿಯಲ್ಲಿ ಕೇಳಿದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ವಿನೋದವೆಂದರೆ, ಈ ಕೂಡಿಕೆ ಹೊಸದೇ ಅಲ್ಲ. ಫೋರ್ಡ್ ಕಂಪೆನಿಯು 1925ರಲ್ಲಿ ತನ್ನ ಹೆಸರಾಂತ ‘ಟಿ’ ಮಾದರಿಯ ಇಬ್ಬರ ಗಾಡಿಗೆ ಹಿಂದೆ ಸಾಮಾನಿನ ತೊಟ್ಟಿಯನ್ನು ಜೋಡಿಸಿ 281 ಡಾಲರಿಗೆ ಮಾರಿತು. ಅದರ ಮೇಲಿದ್ದದ್ದು ಮಡಿಸುವ ಬಟ್ಟೆಯ ಹೊದಿಕೆ ಮಾತ್ರ. ಆದರೆ ಅಲ್ಲಿ ಗಾಡಿ ತೆರೆದಿದ್ದದ್ದು ಸುಖಕ್ಕಲ್ಲ, ಅಗ್ಗಕ್ಕೆ. 1932ರಲ್ಲಿ ಆಸ್ಟ್ರೇಲಿಯದ ರೈತನೊಬ್ಬನ ಹೆಂಡತಿ ಅಲ್ಲಿಯ ಫೋರ್ಡ್ ಕಂಪೆನಿಗೆ ಕಾಗದ ಬರೆದಳೆಂದು ಹೇಳುತ್ತಾರೆ. ಭಾನುವಾರ ಮಳೆಯಲ್ಲಿ ನೆನೆಯದೆ ಚರ್ಚಿಗೆ ಹೋಗಬೇಕು, ಸೋಮವಾರ ಅದೇ ಗಾಡಿಯಲ್ಲಿ ಹಂದಿಗಳನ್ನು ಸಂತೆಗೆ ಒಯ್ಯಬೇಕು: ಇಷ್ಟೇ ಅವಳ ಕೋರಿಕೆ. ಲ್ಯೂ ಬ್ಯಾಂಟ್ ಎಂಬ ತರುಣನು ರೂಪಿಸಿದ, ಮುಚ್ಚಿದ ಚಾವಣಿಯ ಗಾಡಿ 1934ರಲ್ಲಿ ಹೊರಬಂತು. ದುಡಿಯುವವರು ಹೀಗೆ ಕೇಳಿ ಪಡೆದ ಚಾವಣಿಯನ್ನು ತೆಗೆದುಹಾಕುವುದಕ್ಕಾಗಿ ಎಸ್.ಎಸ್.ಆರ್. ಕೊಳ್ಳುವವರು ನಲವತ್ತು ಸಾವಿರ ಡಾಲರಿಗೂ ಹೆಚ್ಚು ತೆರಬೇಕಾಯಿತು!

ಚಾವಣಿ ತೆಗೆಯುವುದು ಸುಲಭದ ಕೆಲಸವಲ್ಲ. ಮುಚ್ಚಳವಿರುವ ರಟ್ಟಿನ ಪೆಟ್ಟಿಗೆಯನ್ನು ತಿರುಚಿ ನೋಡಿ, ಆಮೇಲೆ ಮುಚ್ಚಳ ತೆಗೆದು ತಿರುಚಿ. ಚಾವಣಿ ಹೋದರೆ ಗಾಡಿಯ ಮೈಯೂ ಹಾಗೆಯೇ ಸಡಿಲವಾಗುತ್ತದೆ, ಆ ಬಲವನ್ನು ಕೆಳಗಿನಿಂದ ಕೊಡಬೇಕು. ಅದಕ್ಕಾಗಿ ಇದನ್ನು ದಪ್ಪ ಉಕ್ಕಿನ ಚಾಸಿಯ ಮೇಲೆ ಕೂರಿಸಿದರು, ತೂಕ ಎರಡು ಟನ್ನು ಮೀರಿತು. ಇನ್ನೊಂದು ತೊಡಕು, ತೆಗೆದ ಚಾವಣಿಯನ್ನು ಇಡುವುದೆಲ್ಲಿ ಎಂಬುದು. ಕಾರಿನಲ್ಲಾದರೆ ಡಿಕ್ಕಿಯಿದೆ, ಇಲ್ಲಿ ತೊಟ್ಟಿಯೊಳಗಿಟ್ಟರೆ ಸಾಮಾನಿಗೆ ಜಾಗವಿಲ್ಲ. ಗುಂಡಿ ಒತ್ತಿದೊಡನೆ ಗಟ್ಟಿ ಚಾವಣಿಯು ಎರಡು ಹೋಳಾಗಿ, ಆಸನಕ್ಕೂ ತೊಟ್ಟಿಗೂ ನಡುವಿನ ಕಿರಿದಾದ ಸಂದಿನಲ್ಲಿ ನೆಟ್ಟಗೆ ಇಳಿದು ನಿಲ್ಲುವಂತೆ ಮಾಡಿದರು. ಈ ಜಾಣತನಕ್ಕೆ ನಾನು ತಲೆದೂಗುತ್ತೇನೆ. ಆದರೆ ಉಳಿಸಿಕೊಂಡ ತೊಟ್ಟಿಯ ಮೇಲೆ ಅಂದವಾದ ಗಟ್ಟಿ ಮುಚ್ಚಳವನ್ನು ಮುಚ್ಚಿದರಲ್ಲ! ಅಂಥಲ್ಲಿ ಗೊಬ್ಬರ ತುಂಬಲು ಯಾರಿಗೆ ಮನಸ್ಸಾದೀತು?

1947ರ ಕಾಲದ ಷೆವ್ರೊಲೆ ಟ್ರಕ್ಕುಗಳ ಉಬ್ಬಿದ ಕೆನ್ನೆಗಳನ್ನು ನೆನಪಿಗೆ ತರುವ ಇದರ ರೂಪವನ್ನು ಪ್ರದರ್ಶನದಲ್ಲಿ ನೋಡಿದವರು ಬಹಳ ಮೆಚ್ಚಿದರು. ನೋಡಿ ಮೆಚ್ಚುವುದಕ್ಕೆ ಖರ್ಚಿಲ್ಲ. ಆ ಮೆಚ್ಚುಗೆಯನ್ನು ನಂಬಿ ಕಂಪೆನಿಯು 2003ರಲ್ಲಿ ಗಾಡಿಯನ್ನು ಮಾರಾಟಕ್ಕೆ ತಂದಿತು. ಹೊರೆ ಸಾಗಿಸುವವನಿಗೆ ಬೆಲೆ ಹೆಚ್ಚಾಯಿತು, ವೇಗ ಬಯಸುವವನಿಗೆ ತೂಕ ಹೆಚ್ಚಾಯಿತು. 300 ಅಶ್ವಶಕ್ತಿ ಸಾಲದೆಂಬ ದೂರು ಕೇಳಿ 2005ರಲ್ಲಿ ಆರು ಲೀಟರಿನ, 390 ಅಶ್ವಶಕ್ತಿಯ ಎಂಜಿನ್ ಇಟ್ಟರು. ಕೊಳ್ಳುವವರು ಹೆಚ್ಚಲಿಲ್ಲ. ಒಟ್ಟು ತಯಾರಾದದ್ದು ಸುಮಾರು 24 ಸಾವಿರ ಗಾಡಿ. 2006ರ ಮಾರ್ಚಿಯಲ್ಲಿ ಉತ್ಪಾದನೆ ನಿಂತಿತು. ಇದನ್ನು ಕಟ್ಟುತ್ತಿದ್ದ ಮಿಷಿಗನ್ ರಾಜ್ಯದ ಲ್ಯಾನ್ಸಿಂಗ್ ಊರಿನ ಕಾರ್ಖಾನೆಯೂ ಅದರೊಡನೆಯೇ ಮುಚ್ಚಿತು.