ವೆಸ್ಟ್ರಿಯ ಮೇಜು, ಬ್ಯಾಂಕಿನ ಕೌಂಟರು

ನಮ್ಮ ಸಭೆಯಲ್ಲಿ ಖಜಾಂಚಿಯಾಗಲು ಯಾರೂ ಪೈಪೋಟಿ ನಡೆಸುವುದಿಲ್ಲ. ಸಮಿತಿಯ ಉಳಿದ ಸ್ಥಾನಗಳಿಗೆ ನಡೆಯುವ ಚುನಾವಣೆ ನೋಡಿದರೆ ಪಂಚಾಯತಿಯವರೂ ನಾಚಬೇಕು; ಲೆಕ್ಕದ ಪುಸ್ತಕ ಅಂದ ಕೂಡಲೇ ಮಾತ್ರ ಎಲ್ಲರಿಗೂ ಎಲ್ಲಿಲ್ಲದ ದೀನತೆ ಬಂದುಬಿಡುತ್ತದೆ. ಬ್ಯಾಂಕಿನಲ್ಲಿ ನೋಟು ಎಣಿಸುವವಳು ಎಂಬ ಒಂದೇ ಅರ್ಹತೆಯ ಮೇಲೆ ಆ ಪುಸ್ತಕ ನನ್ನ ಮಡಿಲಿಗೆ ಬಿತ್ತು, ವರ್ಷಗಟ್ಟಲೆ ಅಲ್ಲೇ ಉಳಿಯಿತು.

ಆರಾಧನೆ ಮುಗಿದು ಜನ ಅಂಗಳದಲ್ಲಿ ಕೈಕುಲುಕುತ್ತಿರುವಾಗ ಚರ್ಚಿನ ಒಳಕೋಣೆಯಾದ ವೆಸ್ಟ್ರಿಯಲ್ಲಿ ನಮ್ಮ ಕೆಲಸ. ಕಾಣಿಕೆ ಚೀಲ ಬರಿದು ಮಾಡಿ, ಕವರುಗಳನ್ನೂ ಬಿಡಿ ಹಣವನ್ನೂ ಬೇರ್ಪಡಿಸಿ, ಒಬ್ಬರು ಎಣಿಸಿದ್ದನ್ನು ಇನ್ನೊಬ್ಬರು ಎಣಿಸಿ, ಇಬ್ಬರೂ ಸಹಿ ಹಾಕಬೇಕು. ಎಷ್ಟೇ ನಂಬಿಕಸ್ಥರಾದರೂ ಒಬ್ಬರೇ ಎಣಿಸಕೂಡದು. ನಮ್ಮ ಮೇಲೆ ಅಪನಂಬಿಕೆಯೇ ಎಂದು ಬೇಸರಪಟ್ಟವರಿದ್ದರು. ಅವರಿಗೆ ನಾನು ಪೌಲನನ್ನು ತೋರಿಸುತ್ತಿದ್ದೆ. ಯೆಹೂದ್ಯದ ಬಡವರಿಗೆಂದು ಕೂಡಿಸಿದ ಹಣವನ್ನು ಅವನು ಒಬ್ಬನೇ ಹೊತ್ತೊಯ್ಯಲಿಲ್ಲ. ಸಭೆಗಳು ಆರಿಸಿದ ಸಹೋದರನನ್ನು ಜೊತೆಗಿಟ್ಟುಕೊಂಡ. ದೇವರ ಎದುರಿಗಷ್ಟೇ ಸರಿಯಿದ್ದರೆ ಸಾಲದು, ಜನರ ಎದುರಿಗೂ ಸರಿಯಿರಬೇಕೆಂಬ ಕಾರಣವನ್ನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ 8ನೇ ಅಧ್ಯಾಯದಲ್ಲಿ ಕೊಟ್ಟಿದ್ದಾನೆ.

ಪೂರ್ಣಮನಸ್ಸಿನ ಸೇವೆಯೆಂದರೆ ಎದೆ ಉಕ್ಕಿ ಬರಬೇಕು ಎಂಬ ಪ್ರಸಂಗಗಳನ್ನು ಕೇಳಿ ಬೆಳೆದವಳು ನಾನು. ಚಿಲ್ಲರೆ ಎಣಿಸುವಾಗ ಏನೂ ಉಕ್ಕುವುದಿಲ್ಲ. ಹೊಟ್ಟೆ ಹಸಿದಿರುತ್ತದೆ, ಮನೆಯಲ್ಲಿ ಮೀನುಸಾರು ಆರುತ್ತಿರುತ್ತದೆ. ಹತ್ತು ರೂಪಾಯಿ ತಾಳೆಯಾಗದಿದ್ದರೆ ಪರ್ಸಿನಿಂದ ಹತ್ತು ರೂಪಾಯಿ ಸೇರಿಸಿ ಎದ್ದುಬಿಡೋಣ ಅನ್ನಿಸುತ್ತದೆ. ಕೊಡುವ ಕೈಯೇ ತಾನೆ, ಯಾರಿಗೆ ನಷ್ಟ? ಆದರೂ ಮೊದಲಿನಿಂದ ಎಣಿಸುತ್ತಿದ್ದೆವು. ನನ್ನ ಪಾಲಿಗೆ ಆ ಎರಡನೆಯ ಎಣಿಕೆಯೇ ಪ್ರಾರ್ಥನೆ.

ಸಭೆಯಲ್ಲಿ ದುಡಿಯುವವರಿಗೆಲ್ಲ ಬಾಯಿಪಾಠವಾಗಿರುವುದು ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯ 3ನೇ ಅಧ್ಯಾಯದ 23ನೇ ವಚನ: ಏನು ಮಾಡಿದರೂ ಕರ್ತನಿಗೆಂದೇ ಮನಃಪೂರ್ವಕವಾಗಿ ಮಾಡಿರಿ ಎಂಬುದು. ಗಾಯನ ಮೇಳದ ಅಭ್ಯಾಸಕ್ಕೂ ಅದೇ, ಭಾನುವಾರ ಶಾಲೆಯ ಬಹುಮಾನ ವಿತರಣೆಗೂ ಅದೇ. ಒಂದು ವಚನ ಹಿಂದಕ್ಕೆ ಹೋದರೆ ಅದನ್ನು ಯಾರಿಗೆ ಬರೆದದ್ದೆಂದು ತಿಳಿಯುತ್ತದೆ: ದಾಸರಿಗೆ. ಯಾರದೋ ಮನೆಯಲ್ಲಿ ನೀರು ಹೊತ್ತು, ಪಾತ್ರೆ ತಿಕ್ಕುತ್ತಿದ್ದವರಿಗೆ. ಅವರಿಗೆ ಸಮಿತಿಯಿರಲಿಲ್ಲ, ಸೇವೆಗೆಂದು ಎತ್ತಿಡಲು ಬೇರೆ ಹೊತ್ತೂ ಇರಲಿಲ್ಲ. ಮಾಡುತ್ತಿದ್ದ ಮನೆಗೆಲಸವನ್ನೇ ಕರ್ತನಿಗೆಂದು ಮಾಡಿ ಅಂದ ಪೌಲ. (ದಾಸ್ಯವನ್ನೇ ಯಾಕೆ ಪ್ರಶ್ನಿಸಲಿಲ್ಲ ಎಂಬ ತಕರಾರು ನನಗೂ ಇದೆ, ಅದಕ್ಕೆ ಇನ್ನೊಂದು ಲೇಖನವೇ ಬೇಕು.)

ಹಾಗಾದರೆ ಸೋಮವಾರ ಕೌಂಟರಿನಲ್ಲಿ ಎಣಿಸುವ ನೋಟಿಗೂ ಭಾನುವಾರ ವೆಸ್ಟ್ರಿಯಲ್ಲಿ ಎಣಿಸುವ ನೋಟಿಗೂ ಭೇದವೇನು? ಪಿಂಚಣಿಗೆ ಬಂದ ಅಜ್ಜಿಯ ನಡುಗುವ ಸಹಿ ಹೊಂದದಿದ್ದರೆ ನಾಳೆ ಬನ್ನಿ ಅನ್ನಬಹುದು, ನಿಯಮ ಅಡ್ಡ ಬರುವುದಿಲ್ಲ. ಎದ್ದು ಹೋಗಿ, ಆಫೀಸರರ ಮುಂದೆ ಹೆಬ್ಬೆಟ್ಟು ಒತ್ತಿಸಿ, ಹಣ ಕೊಟ್ಟು ಕಳಿಸುವುದಕ್ಕೂ ನಿಯಮ ಅಡ್ಡ ಬರುವುದಿಲ್ಲ. ಎರಡನೆಯದಕ್ಕೆ ಸಾಲಿನಲ್ಲಿ ನಿಂತವರ ಗೊಣಗಾಟ ಕೇಳಬೇಕು, ಅಷ್ಟೆ. ಸಭೆಯ ವಾರ್ಷಿಕ ವರದಿಯಲ್ಲಿ ಇದೆಲ್ಲ ಬರುವುದಿಲ್ಲ.

ದಿನದ ದುಡಿಮೆಯೇ ಸೇವೆ ಎಂಬುದು ಮಂಗಳೂರಿನ ನಮ್ಮಂಥ ಮನೆಗಳಿಗೆ ಹೊಸ ವಿಚಾರವೇನೂ ಅಲ್ಲ. ಬಾಸೆಲ್ ಮಿಷನ್ನಿನವರು ಇಲ್ಲಿಗೆ ಬಂದದ್ದು 1834ರಲ್ಲಿ. ಕ್ರೈಸ್ತರಾಗಿ ಜಾತಿಯಿಂದ ಹೊರಬಿದ್ದವರಿಗೆ ಹೊಟ್ಟೆಪಾಡು ಬೇಕಾಗಿತ್ತು; ಅಚ್ಚುಕೂಟ, ಮಗ್ಗ, 1865ರಲ್ಲಿ ಹಂಚಿನ ಕಾರ್ಖಾನೆ ಬಂದವು. ನನ್ನ ಅಜ್ಜನ ತಂದೆ ಹಂಚಿನ ಕೆಲಸದವರು. ಬಿರುಕು ಬಿಟ್ಟ ಹಂಚನ್ನು ರಾಶಿಯ ನಡುವೆ ತೂರಿಸಿ ಕಳಿಸುವುದು ಸುಳ್ಳುಸಾಕ್ಷಿಗೆ ಸಮ ಎಂದು ಅವರು ಹೇಳುತ್ತಿದ್ದರಂತೆ. ಅವರು ಯಾವ ಸಮಿತಿಯಲ್ಲೂ ಇದ್ದವರಲ್ಲ.

ಅತ್ತೆಯವರು ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದಾಗ ನಾನು ಗಾಯನ ಮೇಳ ಬಿಟ್ಟೆ, ಸ್ತ್ರೀಯರ ಸಂಘವನ್ನೂ ಬಿಟ್ಟೆ. ಲೆಕ್ಕವೊಂದನ್ನು ಮನೆಗೆ ತರಿಸಿಕೊಂಡು ಬರೆಯುತ್ತಿದ್ದೆ. ದೇವರ ಸೇವೆ ನಿಲ್ಲಿಸಿಬಿಟ್ಟಿರಾ ಎಂದು ಒಬ್ಬರು ಕನಿಕರದಿಂದಲೇ ಕೇಳಿದರು. ಮಾರ್ಕನ ಸುವಾರ್ತೆಯ 7ನೇ ಅಧ್ಯಾಯ ಅವರು ಓದಿರಲೇಬೇಕು. ಹೆತ್ತವರಿಗೆ ಸಲ್ಲಬೇಕಾದದ್ದನ್ನು ಕೊರ್ಬಾನ್, ದೇವರಿಗೆ ಮೀಸಲು, ಎಂದು ಹೇಳಿ ಕೈತೊಳೆದುಕೊಳ್ಳುವವರನ್ನು ಯೇಸುಸ್ವಾಮಿ ಅಲ್ಲಿ ಸುಮ್ಮನೆ ಬಿಟ್ಟಿಲ್ಲ. ಇದರಿಂದ ನಾನು ಸಂತಳಾದೆ ಎಂದುಕೊಳ್ಳಬೇಡಿ. ಮಗ್ಗುಲು ಹೊರಳಿಸಿ ಬಟ್ಟೆ ಬದಲಿಸುವಾಗ ಅತ್ತೆ ಬೈಯುತ್ತಿದ್ದರು, ನಾನು ಒಳಗೊಳಗೇ ತಿರುಗಿ ಬೈಯುತ್ತಿದ್ದೆ. ಆದರೆ ಬೆನ್ನಿಗೆ ಹುಣ್ಣಾಗಲು ಬಿಡಲಿಲ್ಲ. ಮನಸ್ಸಿನಲ್ಲಿ ಗೊಣಗಾಟವಿದ್ದರೆ ಸೇವೆ ಅರ್ಧವಾಯಿತು ಎಂದು ಅಲ್ಲಿಯವರೆಗೆ ನಂಬಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ.

ಇನ್ನು ಬೆಳೆ ಹಬ್ಬದ ಹರಾಜು. ಖಜಾಂಚಿಯ ಅನುಭವದಲ್ಲಿ ಇದನ್ನು ಬಿಡುವ ಹಾಗೇ ಇಲ್ಲ. ಬಾಳೆಗೊನೆ, ತೆಂಗಿನಕಾಯಿ, ಸೌತೆ, ಊರಕೋಳಿ ಎಲ್ಲ ಮೊದಲು ದೇವರ ಮುಂದಿಟ್ಟು ಆಮೇಲೆ ಅಂಗಳದಲ್ಲಿ ಹರಾಜಾಗುತ್ತವೆ. ಚಪ್ಪಾಳೆ ಬಿದ್ದ ಹಾಗೆ ಸವಾಲು ಏರುತ್ತದೆ, ಸೌತೆಯೊಂದು ಸಾವಿರ ದಾಟಿದ್ದೂ ಉಂಟು. ಕೂಗಿದ ಹಣ ಮಾತ್ರ ಕೂಗಿನಷ್ಟು ಬೇಗ ಬರುವುದಿಲ್ಲ. ಲಿಂಬೆಹಣ್ಣಿಗೆ ದೊಡ್ಡ ಮೊತ್ತ ಕೂಗಿ ಹುರುಪೆಬ್ಬಿಸಿದ ಒಬ್ಬರ ಹೆಸರು ಮುಂದಿನ ಬೆಳೆ ಹಬ್ಬದವರೆಗೂ ಬಾಕಿ ಪಟ್ಟಿಯಲ್ಲಿತ್ತು. ಅದೇ ಹರಾಜಿನಲ್ಲಿ ಬೀಡಿ ಕಟ್ಟುವ ಹೆಂಗಸೊಬ್ಬರು ಒಂದು ಕಟ್ಟು ಬಸಳೆಯನ್ನು ಮೂವತ್ತು ರೂಪಾಯಿಗೆ ಹಿಡಿದು, ಅಲ್ಲೇ ಎಣಿಸಿಕೊಟ್ಟು, ರಸೀದಿ ಕೇಳಿದರು. ಮೂವತ್ತು ರೂಪಾಯಿಗೆ ರಸೀದಿಯೇ ಎಂದು ಪಕ್ಕದವರು ನಕ್ಕರು. ನನಗೆ ಆ ದಿನದ ಅತಿ ಗಂಭೀರ ಕಾಣಿಕೆ ಅದೇ ಅನ್ನಿಸಿತು. ಅಂದವಾದ ಅಕ್ಷರದಲ್ಲಿ ಬರೆದುಕೊಟ್ಟೆ.

ಈಗ ಪುಸ್ತಕ ಒಬ್ಬ ಹುಡುಗನ ಕೈಯಲ್ಲಿದೆ. ಬಾಗಿಲ ಬಳಿ ಕ್ಯೂಆರ್ ಕೋಡ್ ಅಂಟಿಸಿದ್ದಾನೆ, ಚಿಲ್ಲರೆ ಕಡಿಮೆಯಾಗಿದೆ, ಇಬ್ಬರ ಸಹಿಯನ್ನು ಮಾತ್ರ ಬಿಟ್ಟಿಲ್ಲ. ಹರಾಜಿನ ಬಾಕಿ ವಸೂಲಿಗೆ ಇಂದಿಗೂ ನನ್ನನ್ನೇ ಕಳಿಸುತ್ತಾರೆ. ಹೋಗುತ್ತೇನೆ. ಚಹಾ ಕೊಡುತ್ತಾರೆ, ಮೊಮ್ಮಕ್ಕಳನ್ನು ಕರೆದು ತೋರಿಸುತ್ತಾರೆ, ಹಣ ಮುಂದಿನ ವಾರ ಅನ್ನುತ್ತಾರೆ.